ಅಪ್ಪ-ಅಮ್ಮನಿಗೆ ಶೆಲ್ಟರಿನಿಂದ ವಯಸ್ಸಾದ ನಾಯಿ: ಲ್ಯಾಬ್ರಡಾರೋ, ನಾಟಿಯೋ?

ಕುವೆಂಪುನಗರ_ಮಗಳು

ನಮಸ್ಕಾರ. ಮೈಸೂರಿನ ಮನೆಯಲ್ಲಿ ಅಪ್ಪ (71), ಅಮ್ಮ (66) ಇಬ್ಬರೇ ಇದ್ದಾರೆ. ನೆಲಮಹಡಿ, ಮುಂದೆ ಗೇಟು, ಹಿತ್ತಲಲ್ಲಿ ಸ್ವಲ್ಪ ಜಾಗ ಇದೆ. ಒಳಗೆಲ್ಲ ನುಣುಪು ಟೈಲ್ಸ್. ಅಮ್ಮನಿಗೆ ಮಂಡಿನೋವು. ಮರಿ ಸಾಕುವ ಓಡಾಟ ಇಬ್ಬರಿಂದಲೂ ಆಗದು. ಹಾಗಾಗಿ ವಯಸ್ಸಾದ, ಗದ್ದಲವಿಲ್ಲದ ನಾಯಿಯನ್ನೇ ತರೋಣ ಅಂತ ತೀರ್ಮಾನ ಮಾಡಿದ್ದೇವೆ.

ಶೆಲ್ಟರಿನಲ್ಲಿ ಎರಡು ನಾಯಿ ಮನಸ್ಸಿಗೆ ಬಂದಿವೆ. ಒಂದು ಹೆಣ್ಣು ಲ್ಯಾಬ್ರಡಾರ್: ಸುಮಾರು 9 ವರ್ಷ, 34 ಕೆ.ಜಿ., ಯಾರೋ ಬಿಟ್ಟುಹೋದದ್ದು. ಇನ್ನೊಂದು ಗಂಡು ನಾಟಿ ನಾಯಿ: ಸುಮಾರು 8 ವರ್ಷ, 17 ಕೆ.ಜಿ., ಕಿವಿ ತುದಿ ಕತ್ತರಿಸಿದೆ. ಎರಡೂ ಬೊಗಳುವುದಿಲ್ಲ, ಮೂಲೆಯಲ್ಲಿ ಮಲಗಿರುತ್ತವೆ, ಮುಟ್ಟಿದರೆ ಸುಮ್ಮನಿರುತ್ತವೆ. ಯಾವುದು ಸರಿ? ಮನೆಯಲ್ಲಿ ಮಾಂಸ ಬೇಯಿಸುವುದಿಲ್ಲ, ಮೊಟ್ಟೆ ನಡೆಯುತ್ತದೆ.

ಗೋಕುಲಂ_ನಾಯಿಬಳಗ

ಮೇಡಂ, "ಮೂಲೆಯಲ್ಲಿ ಮಲಗಿರುತ್ತವೆ, ಮುಟ್ಟಿದರೆ ಸುಮ್ಮನಿರುತ್ತವೆ" ಅನ್ನುವ ಮಾತನ್ನು ಇನ್ನೊಮ್ಮೆ ಯೋಚಿಸಿ. ಹೆದರಿ ಮುದುಡಿದ ನಾಯಿ, ಮೈನೋವಿನ ನಾಯಿ, ಕಿವಿ ಕೇಳದ ನಾಯಿ, ನಿಜವಾಗಿ ಸಮಾಧಾನದ ನಾಯಿ, ನಾಲ್ಕೂ ಶೆಲ್ಟರಿನಲ್ಲಿ ಒಂದೇ ಥರ ಕಾಣುತ್ತವೆ. ಒಂದೇ ಭೇಟಿಯಲ್ಲಿ ತೀರ್ಮಾನ ಬೇಡ. ಬೇರೆ ಬೇರೆ ಹೊತ್ತಿನಲ್ಲಿ ಮೂರು ಸಲವಾದರೂ ಹೋಗಿ. ಅಪ್ಪ-ಅಮ್ಮನನ್ನೂ ಕರೆದುಕೊಂಡು ಹೋಗಿ.

ಹೆದರಿದ ನಾಯಿ ಮುಟ್ಟಿಸಿಕೊಳ್ಳುವಾಗ ಬಿಗಿಯಾಗುತ್ತದೆ, ಬಾಯಿ ಮುಚ್ಚಿ ಮುಖ ಆಚೆ ತಿರುಗಿಸುತ್ತದೆ, ಕಣ್ಣಿನ ಬಿಳಿ ಕಾಣುತ್ತದೆ, ಮತ್ತೆ ಮತ್ತೆ ತುಟಿ ನೆಕ್ಕಿಕೊಳ್ಳುತ್ತದೆ. ಮೂರು ಸೆಕೆಂಡ್ ಕತ್ತಿನ ಕೆಳಗೆ ಸವರಿ, ಕೈ ಹಿಂದೆ ತೆಗೆದುಕೊಂಡು ಸುಮ್ಮನೆ ಕೂತುಬಿಡಿ. ತಾನಾಗಿ ಹತ್ತಿರ ಬಂದು ಕೈಗೆ ಮೂತಿ ತಾಗಿಸಿದರೆ ಸಮಾಧಾನ ನಿಜವಾದದ್ದು. ಜಾಗ ಬಿಟ್ಟು ಸರಿದರೆ ಅದು ಇಷ್ಟು ಹೊತ್ತು ಸಹಿಸಿಕೊಂಡಿತ್ತು ಎಂದರ್ಥ. ನಿಮ್ಮೆದುರಿಗೆ ಬಿಸ್ಕತ್ತು ತಿನ್ನುತ್ತದೆಯೇ ಎಂಬುದೂ ಒಳ್ಳೆಯ ಸೂಚನೆ. ತುಂಬಾ ಹೆದರಿದ ನಾಯಿ ಹಸಿದಿದ್ದರೂ ತಿನ್ನುವುದಿಲ್ಲ.

ಕಿವಿ ಪರೀಕ್ಷೆಗೆ ಅದು ಆಚೆ ನೋಡುತ್ತಿರುವಾಗ ಹಿಂದಿನಿಂದ ಕೀಗೊಂಚಲು ಅಲ್ಲಾಡಿಸಿ. ಚಪ್ಪಾಳೆಯ ಗಾಳಿಯೂ ನೆಲ ತಟ್ಟಿದ ಅದುರೂ ಮೈಗೆ ತಾಗುವುದರಿಂದ ಅವೆರಡು ಬೇಡ. ಕಿವುಡು ನಾಯಿ ಬೇಡವೆಂದಲ್ಲ, ಆದರೆ ಮಲಗಿರುವಾಗ ಹಿಂದಿನಿಂದ ಮುಟ್ಟಿದರೆ ಬೆಚ್ಚಿ ಕಚ್ಚಬಹುದು. ಮೊಮ್ಮಕ್ಕಳು ಬಂದು ಹೋಗುವ ಮನೆಯಾದರೆ ಮುಂಚೆಯೇ ಗೊತ್ತಿರಲಿ.

ನೋವು ತಿಳಿಯಬೇಕಾದರೆ ನಾಯಿ ಒಂದು ಗಂಟೆ ಮಲಗಿ ಏಳುವ ಆ ಕ್ಷಣ ನೋಡಬೇಕು. ಮುಂಗಾಲಲ್ಲಿ ಮೈ ಎಳೆದುಕೊಂಡು ಎದ್ದರೆ, ಮೊದಲ ಹತ್ತು ಹೆಜ್ಜೆ ಬಿಗಿಯಾಗಿದ್ದರೆ, ತೊಡೆಯ ಮಾಂಸ ಇಳಿದಿದ್ದರೆ, ಹಿಂಗಾಲಿನ ಉಗುರಿನ ಮೇಲ್ಭಾಗ ಸವೆದಿದ್ದರೆ ಸೊಂಟ ಅಥವಾ ಬೆನ್ನಿನ ತೊಂದರೆ ಇರಬಹುದು. ನಡೆಯುವಾಗ ತಲೆ ಮೇಲೆ-ಕೆಳಗೆ ಆಡುತ್ತಿದ್ದರೆ ಮುಂಗಾಲು ನೋವು: ನೋಯುವ ಕಾಲು ಊರಿದಾಗ ತಲೆ ಮೇಲೇಳುತ್ತದೆ.

ಎರಡರಲ್ಲಿ ಯಾವುದು ಅಂದರೆ, ನನ್ನ ಮತ 17 ಕೆ.ಜಿ.ಯ ನಾಟಿಗೆ. ವಯಸ್ಸಾದ ನಾಯಿಯನ್ನು ಒಂದಲ್ಲ ಒಂದು ದಿನ ಆಟೋಗೆ ಎತ್ತಿ ಹತ್ತಿಸಬೇಕು. 34 ಕೆ.ಜಿ.ಯನ್ನು ಅಪ್ಪ ಒಬ್ಬರೇ ಎತ್ತಲಾರರು. ಬೆಕ್ಕು ಕಂಡು ಲ್ಯಾಬ್ರಡಾರ್ ಒಮ್ಮೆ ಎಳೆದರೆ ಮಂಡಿನೋವಿನ ಅಮ್ಮ ಬಿದ್ದುಬಿಡುತ್ತಾರೆ. ಕಿವಿಯ ಕಚ್ಚು ಸಂತಾನಹರಣ ಚಿಕಿತ್ಸೆ ಆಗಿದೆ ಅನ್ನುವ ಗುರುತು.

ಪಶುವೈದ್ಯೆ_ಶಿವಮೊಗ್ಗ

ಮೇಲಿನವರು ಹೇಳಿದ್ದು ಸರಿ. ವೈದ್ಯಕೀಯ ಭಾಗ ನಾನು ಸೇರಿಸುತ್ತೇನೆ.

ಮೊದಲಿಗೆ, "8 ವರ್ಷ", "9 ವರ್ಷ" ಅನ್ನುವುದು ಹಲ್ಲು ನೋಡಿ ಹೇಳಿದ ಅಂದಾಜು. ಕಲ್ಲು, ಕಬ್ಬಿಣದ ಸರಳು ಕಚ್ಚುವ ನಾಯಿಯ ಹಲ್ಲು 5 ವರ್ಷಕ್ಕೇ ಸವೆದಿರುತ್ತದೆ. ಹಾಗಾಗಿ ಎರಡು ವರ್ಷ ಆಚೀಚೆ ಇಟ್ಟುಕೊಳ್ಳಿ. ಕಣ್ಣುಗುಡ್ಡೆಯೊಳಗೆ ನೀಲಿ-ಬೂದು ಮಬ್ಬು ಕಂಡರೆ ಗಾಬರಿಯಾಗಬೇಡಿ. ವಯಸ್ಸಿನಿಂದ ಮಸೂರ ಗಟ್ಟಿಯಾಗಿರುತ್ತದೆ ಅಷ್ಟೆ, ದೃಷ್ಟಿ ಹೆಚ್ಚು ಕೆಡುವುದಿಲ್ಲ. ಬೆಳ್ಳಗೆ ಸುಣ್ಣ ಹಚ್ಚಿದ ಹಾಗಿದ್ದರೆ ಪೊರೆ.

ಕರೆತರುವ ಮುಂಚೆ ರಕ್ತಪರೀಕ್ಷೆ ಮಾಡಿಸಿ: ಪ್ಲೇಟ್‌ಲೆಟ್ ಸಮೇತ ಪೂರ್ತಿ ಕಣಗಳ ಎಣಿಕೆ, ಕ್ರಿಯಾಟಿನಿನ್, ಯೂರಿಯಾ, ಲಿವರ್ ಎನ್‌ಜೈಮ್, ಸಕ್ಕರೆ. ನಮ್ಮ ಕಡೆಯ ನಾಯಿಗಳಲ್ಲಿ ಉಣ್ಣೆಜ್ವರ, ಅಂದರೆ ಎರ್ಲಿಕಿಯಾ ಮತ್ತು ಬಬೀಸಿಯಾ, ತಿಂಗಳುಗಟ್ಟಲೆ ಸದ್ದಿಲ್ಲದೆ ಇರುತ್ತವೆ. ಆಗ ನಾಯಿ ಬರೀ "ಶಾಂತ"ವಾಗಿ ಕಾಣುತ್ತದೆ. ವಸಡು ಬಿಳಿಚಿರುವುದು, ಪ್ಲೇಟ್‌ಲೆಟ್ ಕಡಿಮೆ ಇರುವುದು ಅದರ ಸುಳಿವು. ಎರ್ಲಿಕಿಯಾಕ್ಕೆ ಡಾಕ್ಸಿಸೈಕ್ಲಿನ್ 28 ದಿನ ಕೊಡಬೇಕು. ಒಂದು ವಾರಕ್ಕೆ ಚುರುಕಾಯಿತೆಂದು ನಿಲ್ಲಿಸಿದರೆ ಕಾಯಿಲೆ ಮರಳುತ್ತದೆ. ಬಬೀಸಿಯಾಕ್ಕೆ ಬೇರೆಯೇ ಔಷಧಿ, ಆದ್ದರಿಂದ ಯಾವುದೆಂದು ಪರೀಕ್ಷೆಯಲ್ಲಿ ತಿಳಿಯಲಿ. ಪ್ಲೇಟ್‌ಲೆಟ್ ನೋಡದೆ ಹಲ್ಲು ಕೀಳಿಸುವುದಾಗಲಿ ಆಪರೇಷನ್ ಆಗಲಿ ಬೇಡ, ರಕ್ತ ನಿಲ್ಲುವುದಿಲ್ಲ.

ನಾಟಿ ಗಂಡಿನ ಜನನಾಂಗದ ಚರ್ಮ ಹಿಂದೆ ಸರಿಸಿ ವೈದ್ಯರು ನೋಡಲಿ. ಹನಿ ಹನಿ ರಕ್ತ, ಹೂಕೋಸಿನಂಥ ಗಡ್ಡೆ ಇದ್ದರೆ ಅದು ಬೀದಿನಾಯಿಗಳಲ್ಲಿ ಹರಡುವ ಟ್ಯೂಮರ್. ವಾರಕ್ಕೊಂದರಂತೆ 4ರಿಂದ 6 ವಿಂಕ್ರಿಸ್ಟಿನ್ ಇಂಜೆಕ್ಷನ್ ಕೊಟ್ಟರೆ ಸಾಮಾನ್ಯವಾಗಿ ಪೂರ್ತಿ ಗುಣವಾಗುತ್ತದೆ. ಅದೊಂದೇ ಕಾರಣಕ್ಕೆ ನಾಯಿ ಬೇಡ ಅನ್ನಬೇಡಿ.

ಲ್ಯಾಬ್ರಡಾರ್ ವಿಷಯಕ್ಕೆ ಎರಡು ಪ್ರಶ್ನೆ: ಸಂತಾನಹರಣ ಆಗಿದೆಯೇ? ದಿನಕ್ಕೆ ಎಷ್ಟು ನೀರು ಕುಡಿಯುತ್ತದೆ?

ಕುವೆಂಪುನಗರ_ಮಗಳು

ತುಂಬಾ ಉಪಕಾರವಾಯಿತು. ಶೆಲ್ಟರಿಗೆ ಫೋನ್ ಮಾಡಿ ಕೇಳಿದೆ. ಆಪರೇಷನ್ ಆಗಿಲ್ಲವಂತೆ, ಮೊಲೆತೊಟ್ಟು ಜೋತುಬಿದ್ದಿವೆ, ಮರಿ ಹಾಕಿಸುತ್ತಿದ್ದರೇನೋ ಅಂದರು. ನೀರು ಅಳೆದಿಲ್ಲ, ಆದರೆ ಬಟ್ಟಲು ಬೇಗ ಖಾಲಿಯಾಗುತ್ತದಂತೆ. ಅಮ್ಮನಿಗೆ ಅದರ ಮೇಲೇ ಮನಸ್ಸು.

ಪಶುವೈದ್ಯೆ_ಶಿವಮೊಗ್ಗ

ಹಾಗಿದ್ದರೆ ಇದು ಇವತ್ತೇ ಆಗಬೇಕಾದ ಕೆಲಸ. ನೀವು ಆ ನಾಯಿಯನ್ನು ತರಲಿ, ಬಿಡಲಿ, ಶೆಲ್ಟರಿನವರಿಗೆ ಹೇಳಿ ಹೊಟ್ಟೆಯ ಸ್ಕ್ಯಾನ್ ಮಾಡಿಸಿ. ಆಪರೇಷನ್ ಆಗದ, ವಯಸ್ಸಾದ ಹೆಣ್ಣುನಾಯಿ ಬೆದೆ ಮುಗಿದ ಎರಡು ತಿಂಗಳೊಳಗೆ ಹೆಚ್ಚು ನೀರು ಕುಡಿಯುತ್ತಾ ಮಂಕಾದರೆ ಮೊದಲ ಅನುಮಾನ ಗರ್ಭಕೋಶದ ಕೀವು. ಗರ್ಭಕೋಶದ ಬಾಯಿ ಮುಚ್ಚಿದ್ದರೆ ಹೊರಗೆ ಸ್ರಾವವೇ ಕಾಣುವುದಿಲ್ಲ. ಕೀವಿದ್ದರೆ ತಕ್ಷಣ ಗರ್ಭಕೋಶ ತೆಗೆಯಬೇಕು, ತಡವಾದರೆ ಜೀವಕ್ಕೆ ಅಪಾಯ.

ನೀರಿನ ಲೆಕ್ಕ ಹೀಗೆ. ಬೆಳಿಗ್ಗೆ ಅಳೆದು ಹಾಕಿ, ಮರುದಿನ ಅದೇ ಹೊತ್ತಿಗೆ ಉಳಿದದ್ದನ್ನು ಕಳೆಯಿರಿ. ಕೆ.ಜಿ.ಗೆ 50-60 ಮಿ.ಲೀ. ಸಹಜ, 100 ಮಿ.ಲೀ. ದಾಟಿದರೆ ಕಾಯಿಲೆ ಹುಡುಕಬೇಕು. 34 ಕೆ.ಜಿ.ಗೆ ಸುಮಾರು 2 ಲೀಟರ್ ಸರಿ, 3.4 ಲೀಟರ್ ದಾಟಿದರೆ ಸರಿಯಲ್ಲ. ಒಂದೇ ಬಟ್ಟಲಿಗೆ ನಾಲ್ಕು ನಾಯಿ ಬಾಯಿ ಹಾಕುವ ಕಡೆ ಈ ಲೆಕ್ಕ ನಡೆಯದು, ಒಂದು ದಿನ ಬೇರೆ ಇಡಲು ಕೇಳಿ.

ಸ್ಕ್ಯಾನ್ ಸರಿಯಿದ್ದರೆ ಮೂತ್ರ ಪರೀಕ್ಷೆ. ಬೆಳಗಿನ ಮೊದಲ ಮೂತ್ರವನ್ನು ಕೋಲಿಗೆ ಕಟ್ಟಿದ ತೊಳೆದೊಣಗಿಸಿದ ಸೌಟಿನಲ್ಲಿ ಹಿಡಿದು, ಎರಡು ಗಂಟೆಯೊಳಗೆ ಲ್ಯಾಬಿಗೆ ಕೊಡಿ. ಸಾಂದ್ರತೆ 1.030ಕ್ಕಿಂತ ಮೇಲಿದ್ದರೆ ಕಿಡ್ನಿ ನೀರು ಹಿಡಿದಿಡುತ್ತಿದೆ ಎಂದು ನೆಮ್ಮದಿ. ಕಿಡ್ನಿ, ಸಕ್ಕರೆ ಕಾಯಿಲೆ, ಅಡ್ರಿನಲ್ ಗ್ರಂಥಿಯ ತೊಂದರೆ, ಮೂರರಲ್ಲೂ ನೀರಡಿಕೆ ಹೆಚ್ಚು. ಇನ್ನೊಂದು ಮಾತು: ಮುದಿ ಲ್ಯಾಬ್ರಡಾರ್ ಉಸಿರೆಳೆಯುವಾಗ ಗೊರಗೊರ ಸದ್ದು ಬಂದರೆ, ಬೊಗಳುವ ದನಿ ಒಡೆದಿದ್ದರೆ, ಗಂಟಲಿನ ನರ ಸೋತಿರಬಹುದು. "ಬೊಗಳುವುದಿಲ್ಲ" ಎಂದದ್ದಕ್ಕೆ ಇದನ್ನೂ ಕೇಳಿ ನೋಡಿ. ಅಂಥ ನಾಯಿಗೆ ಏಪ್ರಿಲ್ ಬಿಸಿಲಿನ ನಡಿಗೆ ಪ್ರಾಣಕ್ಕೇ ಕುತ್ತು.

ಮಲ್ಲೇಶ್ವರ_ವಾಕರ್

ಯಾವುದನ್ನೇ ತಂದರೂ ಮನೆ ಮೊದಲು ಸಿದ್ಧವಾಗಲಿ. ಟೈಲ್ಸ್ ಮೇಲೆ ಹಿಂಗಾಲು ಜಾರಿದರೆ ಇರುವ ಕೀಲುನೋವು ಇಮ್ಮಡಿಯಾಗುತ್ತದೆ. ಮಲಗುವ ಜಾಗದಿಂದ ನೀರಿಗೆ, ಬಾಗಿಲಿಗೆ ಹೋಗುವ ದಾರಿಯಲ್ಲಿ ಹಿಂಬದಿ ರಬ್ಬರ್ ಇರುವ ಮ್ಯಾಟ್ ಅಥವಾ ಹಳೆಯ ಯೋಗ ಮ್ಯಾಟ್ ಬಿಡುವಿಲ್ಲದೆ ಹಾಸಿ. ಬರೀ ಬೆಡ್‌ಶೀಟ್ ಹಾಸಿದರೆ ಅದೇ ಜಾರುತ್ತದೆ. ಉಗುರು ನೆಲಕ್ಕೆ ಟಕಟಕ ಸದ್ದು ಮಾಡಿದರೆ ಕತ್ತರಿಸುವ ಹೊತ್ತು ಆಯಿತೆಂದು ಲೆಕ್ಕ.

ಮೊದಲ ದಿನ ಸ್ನಾನ ಬೇಡ, ನೆಂಟರು ಬೇಡ. ಎರಡು ಮೂರು ದಿನ ಸರಿಯಾಗಿ ತಿನ್ನದಿದ್ದರೂ ನೀರು ಕುಡಿಯುತ್ತಿದ್ದರೆ ಕಾಯಬಹುದು. ನೀರೂ ಮುಟ್ಟದೆ ಒಂದು ದಿನ ಕಳೆದರೆ ಡಾಕ್ಟರ್ ಹತ್ತಿರ ಹೋಗಿ. ಗೇಟಿನಿಂದ ನುಸುಳಿ ಓಡುವುದು ಹೆಚ್ಚಾಗಿ ಮೊದಲ ವಾರಗಳಲ್ಲೇ. ಹಾಗಾಗಿ ಕಾಲರಿಗೊಂದು, ಎದೆಗೆ ಸುತ್ತಿ ತೊಡಿಸುವ ಹಾರ್ನೆಸ್‌ಗೊಂದು ಹೀಗೆ ಎರಡು ಬೆಲ್ಟ್ ಹಾಕಿ, ಫೋನ್ ನಂಬರಿನ ಬಿಲ್ಲೆಯನ್ನು ಶೆಲ್ಟರಿನ ಬಾಗಿಲಲ್ಲೇ ಕಟ್ಟಿ.

ಊಟ: ಶೆಲ್ಟರಿನಲ್ಲಿ ಕೊಡುತ್ತಿದ್ದದ್ದನ್ನೇ ಐದು ದಿನ ಕೊಟ್ಟು, ಆಮೇಲೆ ವಾರವೊಂದರಲ್ಲಿ ಕಾಲು, ಅರ್ಧ, ಮುಕ್ಕಾಲು ಎಂದು ಹೊಸದಕ್ಕೆ ಬದಲಿಸಿ. ಒಮ್ಮೆಲೇ ಬದಲಿಸಿದರೆ ಭೇದಿ ಖಚಿತ. ಬರೀ ಹಾಲನ್ನ, ಮೊಸರನ್ನದಲ್ಲಿ ಪ್ರೋಟೀನ್ ಸಾಲದು, ಇರುವ ಮಾಂಸಖಂಡವೂ ಕರಗುತ್ತದೆ. ಮಾಂಸ ಬೇಯಿಸದ ಮನೆಗೆ ವಯಸ್ಸಾದ ನಾಯಿಯ ಒಣ ಆಹಾರವೇ ಸುಲಭ. 100 ಗ್ರಾಂಗೆ 350 ಕ್ಯಾಲರಿ ಇರುವ ಚೀಲವಾದರೆ 17 ಕೆ.ಜಿ. ನಾಟಿಗೆ ದಿನಕ್ಕೆ 200 ಗ್ರಾಂ ಮತ್ತು ಒಂದು ಬೇಯಿಸಿದ ಮೊಟ್ಟೆಯಿಂದ ಶುರುಮಾಡಿ. ಲ್ಯಾಬ್ರಡಾರ್ 28 ಕೆ.ಜಿ.ಗೆ ಇಳಿಯಬೇಕಾದರೆ 240 ಗ್ರಾಂ ಸಾಕು. ಎರಡು ಹೊತ್ತಿಗೆ ಹಂಚಿ, ಲೋಟದಲ್ಲಲ್ಲ, ತಕ್ಕಡಿಯಲ್ಲಿ ತೂಗಿ. ಹಲ್ಲು ಕಡಿಮೆಯಿದ್ದರೆ ಉಗುರುಬೆಚ್ಚಗಿನ ನೀರಲ್ಲಿ 15 ನಿಮಿಷ ನೆನೆಸಿ. ಈರುಳ್ಳಿ ಹಾಕಿದ ಸಾಂಬಾರ್ ಅನ್ನ ರಕ್ತಕಣ ಒಡೆಯುತ್ತದೆ, ಪಾಯಸದ ಒಣದ್ರಾಕ್ಷಿ ಕಿಡ್ನಿಗೆ ವಿಷ. ಅಮ್ಮನ ಮಂಡಿನೋವಿನ ಡೈಕ್ಲೋಫೆನಾಕ್, ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಕಿಡ್ನಿ ಕೆಡಿಸುತ್ತವೆ. "ಅರ್ಧ ಮಾತ್ರೆ ಕೊಟ್ಟೆ" ಅನ್ನುವುದು ಪ್ರೀತಿಯಿಂದಲೇ ಆಗುವ ತಪ್ಪು, ದಯವಿಟ್ಟು ಅವರಿಗೆ ಬಿಡಿಸಿ ಹೇಳಿ.

ಅಮ್ಮನಿಗೆ ಲ್ಯಾಬ್ರಡಾರ್ ಮೇಲೇ ಮನಸ್ಸಿದ್ದರೆ ಬೇಡವೆನ್ನಲು ನನಗೆ ಬಾಯಿ ಬರುವುದಿಲ್ಲ. ಸ್ಕ್ಯಾನ್, ಆಪರೇಷನ್ ಮುಗಿದು ಹೊಲಿಗೆ ಬಿಚ್ಚಿದ ಮೇಲೆ ಎರಡು ವಾರ ಪ್ರಯತ್ನಕ್ಕೆ ಕೊಡುತ್ತಾರೆಯೇ ಕೇಳಿ. ಎತ್ತಲು ಒಂದು ಉಪಾಯ: ಸ್ನಾನದ ಟವಲನ್ನು ಉದ್ದಕ್ಕೆ ಮಡಚಿ ಹಿಂಗಾಲಿನ ಮುಂದೆ, ಹೊಟ್ಟೆಯ ಕೆಳಗೆ ಹಾಯಿಸಿ ಎರಡೂ ತುದಿ ಮೇಲೆ ಹಿಡಿದರೆ ನಾಯಿ ಮುಂಗಾಲಲ್ಲಿ ತಾನೇ ನಡೆಯುತ್ತದೆ, ಅಪ್ಪನ ಕೈಗೆ ಬರುವುದು ಹಿಂಭಾಗದ ಭಾರ ಮಾತ್ರ. ಆ ಎರಡು ವಾರದಲ್ಲಿ ಅಪ್ಪ ಒಬ್ಬರೇ ಇದನ್ನು ಮಾಡಬಲ್ಲರೇ, ಅಮ್ಮ ಒಬ್ಬರೇ ಬೆಲ್ಟ್ ಹಿಡಿದು ಬೀದಿಯ ತುದಿಯವರೆಗೆ ಹೋಗಿಬರಬಲ್ಲರೇ, ಇವೆರಡನ್ನು ನೀವು ಪಕ್ಕದಲ್ಲಿದ್ದು ನೋಡಿ. ಆಮೇಲೆ ಕಾಗದಕ್ಕೆ ಸಹಿ ಹಾಕಿ.