68 ವರ್ಷದ ತಾಯಿಯೊಂದಿಗೆ ಮೊದಲ ಹಜ್ಜ್: ಹೋಗಿ ಬಂದವರ ಅನುಭವಗಳು

ಪ್ರಶ್ನೆ

ಅಸ್ಸಲಾಮು ಅಲೈಕುಮ್. ಇನ್‌ಶಾ ಅಲ್ಲಾಹ್, ಈ ಬಾರಿ ನಾನು, ನನ್ನ ಪತಿ ಮತ್ತು 68 ವರ್ಷದ ನನ್ನ ತಾಯಿ ಹಜ್ಜ್‌ಗೆ ಹೊರಡಲಿದ್ದೇವೆ. ಮೂವರಿಗೂ ಇದು ಮೊದಲ ಯಾತ್ರೆ. ತಾಯಿಯವರಿಗೆ ಮಂಡಿನೋವು ಮತ್ತು ಸಕ್ಕರೆ ಕಾಯಿಲೆ ಇದೆ. ಕರ್ಮಗಳ ಬಗ್ಗೆ ಪುಸ್ತಕಗಳನ್ನು ಓದುತ್ತಿದ್ದೇನೆ, ಆದರೆ ಓದಿದಷ್ಟೂ ಎಲ್ಲಾದರೂ ತಪ್ಪಿ ಹಜ್ಜ್ ಕೆಟ್ಟುಹೋದೀತೇ ಎಂಬ ಭಯವೇ ಹೆಚ್ಚುತ್ತಿದೆ. ನನ್ನ ಮುಟ್ಟಿನ ದಿನಗಳು ಹಜ್ಜ್‌ನ ದಿನಗಳಲ್ಲೇ ಬರುವ ಸಂಭವವೂ ಇದೆ. ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಪತ್ನಿಯೊಂದಿಗೆ ಹೋಗಿ ಬಂದ ನಿವೃತ್ತ ಶಿಕ್ಷಕರ ಉತ್ತರ

ವಅಲೈಕುಮುಸ್ಸಲಾಮ್, ಸಹೋದರಿ. ನಿಮ್ಮ ಭಯ ನನಗೂ ಇತ್ತು. ಅದು ಹೋದದ್ದು ಇನ್ನಷ್ಟು ಓದಿದ್ದರಿಂದಲ್ಲ, ಓದಿದ್ದನ್ನು ಬೇರ್ಪಡಿಸಿದ್ದರಿಂದ. ಒಂದು ನೋಟ್ ಪುಸ್ತಕದಲ್ಲಿ ಮೂರು ಅಂಕಣ ಎಳೆದು, ಯಾವುದು ತಪ್ಪಿದರೆ ಹಜ್ಜೇ ಆಗುವುದಿಲ್ಲವೋ ಅದನ್ನು ಮೊದಲನೆಯದರಲ್ಲಿ, ಯಾವುದು ತಪ್ಪಿದರೆ ಹರಮ್‌ನ (ಮಕ್ಕಾದ ಪವಿತ್ರ ವಲಯದ) ನೆಲದಲ್ಲಿ ಒಂದು ಕುರಿಯನ್ನು 'ದಮ್' (ಪ್ರಾಯಶ್ಚಿತ್ತದ ಬಲಿ) ಆಗಿ ಕೊಟ್ಟು ಸರಿಪಡಿಸಬಹುದೋ ಅದನ್ನು ಎರಡನೆಯದರಲ್ಲಿ, ಯಾವುದು ಸುನ್ನತ್ (ಕಡ್ಡಾಯವಲ್ಲದ ಪ್ರವಾದಿಚರ್ಯೆ) ಮಾತ್ರವೋ ಅದನ್ನು ಮೂರನೆಯದರಲ್ಲಿ ಬರೆದುಕೊಂಡೆ. ಮೊದಲ ಅಂಕಣ ಬಹಳ ಚಿಕ್ಕದು: ಇಹ್ರಾಮ್ (ಸಂಕಲ್ಪ ಮಾಡಿ ಯಾತ್ರೆಯ ವಿಶೇಷ ನಿಯಮಗಳಿಗೆ ಒಳಪಡುವುದು), ಮಕ್ಕಾದ ಹೊರಗಿನ ಅರಫಾ ಮೈದಾನದಲ್ಲಿ ತಂಗುವುದು, ತವಾಫುಲ್ ಇಫಾದಾ (ಅರಫಾದಿಂದ ಮರಳಿದ ನಂತರ ಕಾಬಾವನ್ನು ಏಳು ಸುತ್ತು ಬರುವ ತವಾಫ್). ಸಫಾ-ಮರ್ವಾ ಬೆಟ್ಟಗಳ ನಡುವೆ ಏಳು ಬಾರಿ ನಡೆಯುವ ಸಈ ಶಾಫಿಈ ಮದ್‌ಹಬ್‌ನಲ್ಲಿ (ಧರ್ಮಶಾಸ್ತ್ರದ ಪಂಥದಲ್ಲಿ) ಇದೇ ಅಂಕಣಕ್ಕೆ ಸೇರುತ್ತದೆ, ಹನಫಿಯಲ್ಲಿ ಎರಡನೆಯದಕ್ಕೆ. ಹಾಗಾಗಿ ನಿಮ್ಮ ಮದ್‌ಹಬ್ ತಿಳಿದಿರುವ ಒಬ್ಬ ವಿದ್ವಾಂಸರ ಜೊತೆ ಕುಳಿತು ಈ ಪಟ್ಟಿಯನ್ನು ತಯಾರಿಸಿ. ಅಲ್ಲಿ ಹೋದ ಮೇಲೆ ಪ್ರತಿ ಡೇರೆಯಲ್ಲೂ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ಆಗ ನಿಮ್ಮ ಪುಸ್ತಕವೇ ನಿಮಗೆ ಆಧಾರ.

ಈ ವಿಂಗಡಣೆಯ ಬೆಲೆ ನನಗೆ ಅರ್ಥವಾದದ್ದು ಕಾಬಾದ ಮೂಲೆಯಲ್ಲಿರುವ ಕಪ್ಪು ಕಲ್ಲಾದ ಹಜರುಲ್ ಅಸ್ವದ್‌ನ ಬಳಿ. ಅದನ್ನು ಚುಂಬಿಸುವುದು ಸುನ್ನತ್. ದೂರದಿಂದ ಕೈ ಎತ್ತಿ ತಕ್ಬೀರ್ (ಅಲ್ಲಾಹು ಅಕ್ಬರ್) ಹೇಳಿದರೂ ತವಾಫ್ ಪೂರ್ಣವಾಗುತ್ತದೆ. ಆದರೆ ಆ ಮೂಲೆಯಲ್ಲಿ ಬಲವಾದ ಯುವಕರು ವೃದ್ಧರನ್ನು ಮೊಣಕೈಯಿಂದ ತಳ್ಳಿ ಮುನ್ನುಗ್ಗುವುದನ್ನು ಕಂಡು ನನಗೆ ಅಳು ಬಂತು. ಇನ್ನೊಬ್ಬರಿಗೆ ನೋವು ಕೊಡುವುದು ಹರಾಮ್, ಮತ್ತು ಸುನ್ನತ್ ಒಂದನ್ನು ಪಡೆಯಲು ಹರಾಮ್ ಒಂದನ್ನು ಮಾಡುವುದು ಯಾವ ಮದ್‌ಹಬ್‌ನಲ್ಲೂ ಇಲ್ಲ. ನೀನು ಲಾಭವನ್ನಾಗಲಿ ಹಾನಿಯನ್ನಾಗಲಿ ಮಾಡದ ಒಂದು ಕಲ್ಲು ಎಂದು ನನಗೆ ಗೊತ್ತು, ಪ್ರವಾದಿಯವರು(ಸ) ಚುಂಬಿಸಿದ್ದನ್ನು ಕಂಡದ್ದರಿಂದಲೇ ಚುಂಬಿಸುತ್ತಿದ್ದೇನೆ ಎಂದು ಎರಡನೆಯ ಖಲೀಫ ಉಮರ್(ರ) ಅದರ ಮುಂದೆ ನಿಂತು ಹೇಳಿದ್ದನ್ನು ತಾಯಿಯವರಿಗೆ ಈಗಲೇ ತಿಳಿಸಿರಿ. ಅವರು ಕಲ್ಲಿನ ಹತ್ತಿರ ಹೋಗಲಾಗಲಿಲ್ಲವೆಂದು ಕೊರಗಬಾರದು.

ತವಾಫ್‌ನಲ್ಲಿ ಕಾಬಾ ನಿಮ್ಮ ಎಡಕ್ಕಿರಬೇಕು, ಏಳು ಸುತ್ತುಗಳೂ ಹತೀಮ್‌ನ ಅರ್ಧಗೋಡೆಯ ಹೊರಗಿನಿಂದ ಆಗಬೇಕು. ದಾರಿ ಚಿಕ್ಕದಾಗುತ್ತದೆಂದು ಒಳಗಿನಿಂದ ಹಾದರೆ ಆ ಸುತ್ತು ಲೆಕ್ಕಕ್ಕಿಲ್ಲ, ಏಕೆಂದರೆ ಹತೀಮ್ ಕಾಬಾದ್ದೇ ಭಾಗ. ಗಂಡಸರು ಬಲ ಭುಜವನ್ನು ತೆರೆದಿಡುವುದು ಆ ತವಾಫ್‌ಗೆ ಮಾತ್ರ. ಮುಗಿದ ಕೂಡಲೇ ಹೊದ್ದುಕೊಂಡು ಎರಡು ರಕಅತ್ ನಮಾಝ್ ಮಾಡಬೇಕು, ಮತ್ತು ಅದು ಮಕಾಮ್ ಇಬ್ರಾಹೀಮ್‌ನ ಹಿಂದೆಯೇ ಆಗಬೇಕೆಂದಿಲ್ಲ, ಮಸೀದಿಯಲ್ಲಿ ಎಲ್ಲಿ ಜಾಗ ಸಿಕ್ಕರೂ ಸರಿ. ಸಈಯಲ್ಲಿ ಸಫಾದಿಂದ ಮರ್ವಾಕ್ಕೆ ಹೋದರೆ ಒಂದು, ಮರಳಿದರೆ ಎರಡು. ಹೋಗಿಬರುವುದನ್ನು ಒಂದೆಂದು ಎಣಿಸಿ ಹದಿನಾಲ್ಕು ಬಾರಿ ನಡೆದು ಕಾಲು ಊದಿಸಿಕೊಂಡವರು ನಮ್ಮ ತಂಡದಲ್ಲೇ ಇದ್ದರು.

ಆದರೆ ನಾನು ಮುಖ್ಯವಾಗಿ ಹೇಳಬೇಕಾದದ್ದು ಅರಫಾದ ಬಗ್ಗೆ. ಹಜ್ಜ್ ಎಂದರೆ ಅರಫಾ ಎಂದು ಪ್ರವಾದಿಯವರೇ(ಸ) ಹೇಳಿದ್ದಾರೆ. ಹಜ್ಜ್‌ನ ತಿಂಗಳಾದ ದುಲ್‌ಹಜ್ಜ್ 9ರಂದು ಸೂರ್ಯ ನೆತ್ತಿ ದಾಟಿದಾಗಿನಿಂದ ಮುಳುಗುವವರೆಗಿನ ಆ ಕೆಲವು ಗಂಟೆಗಳಿಗಾಗಿಯೇ ಇಷ್ಟೆಲ್ಲ ಪ್ರಯಾಣ. ಅಲ್ಲಿ ಝುಹ್ರ್ ಮತ್ತು ಅಸ್ರ್ ನಮಾಝ್‌ಗಳನ್ನು ಜೊತೆಗೂಡಿಸಿ ಸಂಕ್ಷಿಪ್ತವಾಗಿ ಮಾಡುವುದೇ ಉಳಿದ ಸಮಯವೆಲ್ಲ ದುಆಗೆ (ಪ್ರಾರ್ಥನೆಗೆ) ಸಿಗಲಿ ಎಂದು. ದುಃಖದ ಸಂಗತಿ ಏನೆಂದರೆ ನಮ್ಮ ಡೇರೆಯಲ್ಲಿ ಬಹಳ ಮಂದಿ ಊಟ ಮಾಡಿ, ಬಿಸಿಲಿಗೆ ದಣಿದು, ಅಸ್ರ್‌ನ ವೇಳೆಗೆ ನಿದ್ದೆಹೋಗಿದ್ದರು. ಬೆಳಿಗ್ಗೆಯೇ ಸ್ವಲ್ಪ ಮಲಗಿಕೊಳ್ಳಿ, ಮಧ್ಯಾಹ್ನ ಹಗುರವಾಗಿ ಉಣ್ಣಿರಿ. ಯಾರಿಗಾಗಿ, ಏನನ್ನು ಬೇಡಬೇಕೆಂಬುದನ್ನು ಮನೆಯಲ್ಲೇ ಬರೆದು ಒಯ್ಯಿರಿ. ದುಆವನ್ನು ನಿಮ್ಮ ಭಾಷೆಯಲ್ಲೇ ಮಾಡಬಹುದು. ಅರಬಿ ಪುಸ್ತಕವನ್ನು ಅರ್ಥ ತಿಳಿಯದೆ ಓದಿ ಮುಗಿಸುವುದಕ್ಕಿಂತ ಅದೇ ಹೆಚ್ಚು ಮನಸ್ಸಿಗಿಳಿಯುತ್ತದೆ ಎಂಬುದು ನನ್ನ ಅನುಭವ. ಜಬಲುರ್ರಹ್ಮಾ ಬೆಟ್ಟವನ್ನು ಹತ್ತುವ ಅಗತ್ಯವಿಲ್ಲ, ಅರಫಾದ ಮೈದಾನವೆಲ್ಲ ತಂಗುವ ಸ್ಥಳವೇ. ಗಡಿಯ ಫಲಕಗಳನ್ನು ಮಾತ್ರ ಗಮನಿಸಿ. ನಮಿರಾ ಮಸೀದಿಯ ಮುಂಭಾಗ ಅರಫಾದ ಗಡಿಯಿಂದ ಹೊರಗಿದೆ, ಅಲ್ಲೇ ಕುಳಿತು ದಿನ ಕಳೆದರೆ ಹಜ್ಜೇ ತಪ್ಪುತ್ತದೆ. ಸೂರ್ಯ ಮುಳುಗುವ ಮೊದಲು ಬಸ್ಸಿನ ಆತುರಕ್ಕೆ ಗಡಿ ದಾಟಬೇಡಿ.

10ನೆಯ ದಿನ ಶೈತಾನನ ಸಂಕೇತವಾದ ಜಮ್ರಾಕ್ಕೆ ಕಲ್ಲೆಸೆತ, ಕುರ್ಬಾನಿ (ಪ್ರಾಣಿಬಲಿ), ಕೂದಲು ತೆಗೆಯುವುದು, ತವಾಫ್ ಎಲ್ಲವೂ ಒಟ್ಟಿಗೆ ಬರುತ್ತವೆ. ವಿದಾಯದ ಹಜ್ಜ್‌ನಲ್ಲಿ ಇವುಗಳನ್ನು ಹಿಂದುಮುಂದಾಗಿ ಮಾಡಿದವರೆಲ್ಲ ಬಂದು ಕೇಳಿದಾಗ ಪ್ರವಾದಿಯವರು(ಸ) "ತೊಂದರೆಯಿಲ್ಲ, ಮಾಡು" ಎಂದೇ ಉತ್ತರಿಸಿದ್ದರು. ಹನಫಿ ವಿದ್ವಾಂಸರು ಮೊದಲ ಮೂರರ ಕ್ರಮವನ್ನು ಕಡ್ಡಾಯವೆನ್ನುವುದರಿಂದ, ನೀವು ಹನಫಿಗಳಾದರೆ ಕುರ್ಬಾನಿ ಮುಗಿದ ಸಮಯವನ್ನು ಖಚಿತಪಡಿಸಿಕೊಂಡ ನಂತರವೇ ಕೂದಲು ತೆಗೆಯಿರಿ.

ಹೋಗಿ ಬಂದ ಯುವಕರೊಬ್ಬರ ಉತ್ತರ

ನಾನು ಮಾಡಿದ ತಪ್ಪನ್ನು ಮಾತ್ರ ಹೇಳುತ್ತೇನೆ. ನಮ್ಮ ತಂಡದ ವ್ಯವಸ್ಥಾಪಕರು ಜಿದ್ದಾದಲ್ಲಿ ಇಳಿದ ಮೇಲೆ ಇಹ್ರಾಮ್ ಉಟ್ಟರಾಯಿತು ಎಂದಿದ್ದರಿಂದ ನಾನು ಬಟ್ಟೆಯನ್ನು ದೊಡ್ಡ ಪೆಟ್ಟಿಗೆಯಲ್ಲಿಟ್ಟು ವಿಮಾನದ ಲಗೇಜಿಗೆ ಹಾಕಿಬಿಟ್ಟೆ. ಪೂರ್ವದಿಂದ ಬರುವ ವಿಮಾನಗಳು ಜಿದ್ದಾ ತಲುಪುವ ಮೊದಲೇ ಇಹ್ರಾಮ್ ಇಲ್ಲದೆ ದಾಟಬಾರದ ಗಡಿಯಾದ ಮೀಕಾತ್‌ನ ರೇಖೆಯನ್ನು ದಾಟುತ್ತವೆ. ವಿಮಾನದಲ್ಲಿ ಘೋಷಣೆ ಕೇಳಿಸಿತು, ಪಕ್ಕದವರೆಲ್ಲ ತಲ್ಬಿಯಾ (ಲಬ್ಬೈಕ್ ಘೋಷ) ಆರಂಭಿಸಿದರು, ನಾನು ಹೊಲಿದ ಬಟ್ಟೆಯಲ್ಲಿ ಕುಳಿತಿದ್ದೆ. ಆ ಬಟ್ಟೆಯಲ್ಲಿದ್ದುಕೊಂಡೇ ನಿಯ್ಯತ್ (ಸಂಕಲ್ಪ) ಮಾಡಿ, ಅದಕ್ಕೆ ಪ್ರಾಯಶ್ಚಿತ್ತ ಕೊಟ್ಟು, ಇಳಿದ ನಂತರ ಬದಲಿಸಬಹುದಿತ್ತು ಎಂಬುದೂ ನನಗೆ ಗೊತ್ತಿರಲಿಲ್ಲ. ಇಹ್ರಾಮ್ ಇಲ್ಲದೆ ಮೀಕಾತ್ ದಾಟಿ ಜಿದ್ದಾದಲ್ಲಿ ಇಹ್ರಾಮ್‌ಗೆ ಪ್ರವೇಶಿಸಿದ್ದರಿಂದ ದಮ್ ಕೊಡಬೇಕಾಯಿತು.

ಬಟ್ಟೆ ಉಡುವುದೇ ಇಹ್ರಾಮ್ ಅಲ್ಲ, ನಿಯ್ಯತ್ ಇಹ್ರಾಮ್. ಆದ್ದರಿಂದ ಸ್ನಾನ ಮಾಡಿ ಬಟ್ಟೆಯನ್ನು ವಿಮಾನ ಹತ್ತುವ ಮೊದಲೇ ಉಟ್ಟು, ಮೀಕಾತ್ ಸಮೀಪಿಸಿದಾಗ ನಿಯ್ಯತ್ ಮತ್ತು ತಲ್ಬಿಯಾ ಹೇಳುವಂತೆ ನಿಮ್ಮ ಪತಿಗೆ ತಿಳಿಸಿ. ನೀವು ಮೊದಲು ಮದೀನಾಕ್ಕೆ ಹೋಗುವವರಾದರೆ ಈ ಚಿಂತೆಯೇ ಇಲ್ಲ, ಅಲ್ಲಿಂದ ಮಕ್ಕಾಕ್ಕೆ ಹೊರಡುವಾಗ ಹತ್ತಿರದ ದುಲ್‌ಹುಲೈಫಾದಲ್ಲಿ, ಅಂದರೆ ಈಗ ಅಬ್‌ಯಾರ್ ಅಲಿ ಎಂದು ಕರೆಯುವ ಸ್ಥಳದಲ್ಲಿ, ಇಹ್ರಾಮ್ ಆಗುತ್ತದೆ. ದೂರದಿಂದ ಹೋಗುವ ಹೆಚ್ಚಿನವರಂತೆ ನೀವೂ ತಮತ್ತುಅ್ ಎಂಬ ವಿಧಾನದಲ್ಲಿ ಹಜ್ಜ್ ಮಾಡುವುದಾದರೆ ಮೊದಲು ಉಮ್ರಾ (ಕಿರು ಯಾತ್ರೆ) ಮುಗಿಸಿ ಇಹ್ರಾಮ್‌ನಿಂದ ಹೊರಬಂದು, 8ರಂದು ಮಕ್ಕಾದ ನಿಮ್ಮ ವಸತಿಯಿಂದಲೇ ಹಜ್ಜ್‌ನ ಇಹ್ರಾಮ್ ಕಟ್ಟುತ್ತೀರಿ. ಇಹ್ರಾಮ್‌ನಲ್ಲಿರುವಾಗ ಸುಗಂಧವಿಲ್ಲದ ಸಾಬೂನು ಬೇಕಾಗುತ್ತದೆ, ಅದನ್ನೂ ಕೈಚೀಲದಲ್ಲೇ ಇಡಿ.

ಇದೇ ಆತಂಕವನ್ನು ಅನುಭವಿಸಿದ ಸಹೋದರಿಯ ಉತ್ತರ

ಸಹೋದರಿ, ಮುಟ್ಟಿನ ವಿಷಯ ಬರೆದು ಕೇಳಿದ್ದಕ್ಕೆ ಅಲ್ಲಾಹನು ನಿಮಗೆ ಒಳಿತು ಮಾಡಲಿ. ನಾನು ನಾಚಿಕೆಯಿಂದ ಯಾರನ್ನೂ ಕೇಳದೆ ಹೋಗಿ ಅಲ್ಲಿ ಕೋಣೆಯಲ್ಲಿ ಅಳುತ್ತ ಕುಳಿತಿದ್ದೆ. ನಮಗಿಂತ ಮೊದಲು ಪ್ರವಾದಿಯವರ(ಸ) ಪತ್ನಿ ಆಯಿಷಾ(ರ) ಅವರೇ ಹಜ್ಜ್‌ನ ದಾರಿಯಲ್ಲಿ ಸರಿಫ್ ಎಂಬಲ್ಲಿ ಮುಟ್ಟಾಗಿ ಅತ್ತಿದ್ದರು. ಆಗ ಪ್ರವಾದಿಯವರು(ಸ), ಇದು ಆದಮರ ಪುತ್ರಿಯರಿಗೆ ಅಲ್ಲಾಹನು ವಿಧಿಸಿದ್ದು, ಹಾಜಿಗಳು ಮಾಡುವುದನ್ನೆಲ್ಲ ನೀನೂ ಮಾಡು, ಶುದ್ಧಳಾಗುವ ತನಕ ಕಾಬಾದ ತವಾಫ್ ಒಂದನ್ನು ಬಿಡು ಎಂದು ಸಮಾಧಾನಪಡಿಸಿದರು. ಅದೇ ಪ್ರಯಾಣದಲ್ಲಿ ಅಬೂಬಕರ್(ರ) ಅವರ ಪತ್ನಿ ಅಸ್ಮಾ ಬಿನ್ತ್ ಉಮೈಸ್(ರ) ದುಲ್‌ಹುಲೈಫಾದಲ್ಲಿ ಮಗುವನ್ನು ಹೆತ್ತಾಗ, ಸ್ನಾನ ಮಾಡಿ ಇಹ್ರಾಮ್‌ಗೆ ಪ್ರವೇಶಿಸುವಂತೆ ಅವರಿಗೆ ಹೇಳಲಾಯಿತು. ಹಾಗಾಗಿ ಮುಟ್ಟಿದ್ದರೂ ಮೀಕಾತ್‌ನಲ್ಲಿ ಇಹ್ರಾಮ್ ಮಾಡಲೇಬೇಕು. ಮಿನಾ, ಅರಫಾ, ಮುಝ್ದಲಿಫಾಗಳಲ್ಲಿ ತಂಗುವುದು, ಕಲ್ಲೆಸೆತ, ದಿಕ್ರ್ (ದೇವಸ್ಮರಣೆ), ದುಆ ಯಾವುದಕ್ಕೂ ತಡೆಯಿಲ್ಲ.

ನಿಜವಾದ ತೊಡಕು ತವಾಫುಲ್ ಇಫಾದಾದ್ದು. ಅದನ್ನು ಬಿಟ್ಟು ಬರುವಂತಿಲ್ಲ, ಶುದ್ಧರಾಗುವವರೆಗೆ ಕಾಯಬೇಕು, ಆದರೆ ವಿಮಾನ ಕಾಯುವುದಿಲ್ಲ. ಮರಳುವ ದಿನಾಂಕ ಹಜ್ಜ್ ಮುಗಿದ ಮರುದಿನವೇ ಇದ್ದರೆ ಈಗಲೇ ನಿಮ್ಮ ತಂಡದ ಮುಖ್ಯಸ್ಥರಿಗೆ ವಿಷಯ ತಿಳಿಸಿ, ಸಾಧ್ಯವಾದರೆ ಕೆಲವು ದಿನ ಮುಂದಕ್ಕೆ ಹಾಕಿಸಿಕೊಳ್ಳಿ. ಮುಟ್ಟನ್ನು ಮುಂದೂಡುವ ಮಾತ್ರೆಯನ್ನು ವೈದ್ಯರ ಸಲಹೆಯಿಲ್ಲದೆ ತೆಗೆದುಕೊಳ್ಳಬೇಡಿ. ಹೊರಡುವ ಒಂದೆರಡು ತಿಂಗಳ ಮೊದಲೇ ವೈದ್ಯರನ್ನು ಕಂಡರೆ ಅದು ನಿಮ್ಮ ದೇಹಕ್ಕೆ ಒಗ್ಗುತ್ತದೆಯೇ ಎಂದು ನೋಡಿಕೊಳ್ಳಬಹುದು. ನನಗೆ ಮಾತ್ರೆಯಿಂದ ನಡುನಡುವೆ ಸ್ರಾವ ಕಾಣಿಸಿಕೊಂಡು ಶುದ್ಧಿಯ ಗೊಂದಲ ಇನ್ನಷ್ಟು ಹೆಚ್ಚಿತ್ತು. ವಿದಾಯದ ತವಾಫ್ ಮಾತ್ರ ಮುಟ್ಟಾದವರಿಗೆ ಮನ್ನಾ ಇದೆ.

ಉಮ್ರಾ ಆಗುವ ಮೊದಲೇ ಮುಟ್ಟಾಗಿ 8ನೇ ತಾರೀಖು ಬಂದುಬಿಟ್ಟರೆ ಏನು ಮಾಡಬೇಕೆಂಬುದು ಮದ್‌ಹಬ್‌ಗಳಲ್ಲಿ ಬೇರೆ ಬೇರೆ. ಶಾಫಿಈಯವರಾದರೆ ತವಾಫ್‌ನ ಗುಂಪಿನಲ್ಲಿ ಪರಪುರುಷರ ಚರ್ಮ ತಗುಲಿದಾಗ ವುಝೂವಿನ (ಅಂಗಶುದ್ಧಿಯ) ಪ್ರಶ್ನೆಯೂ ಏಳುತ್ತದೆ. ಇವೆರಡಕ್ಕೂ ಉತ್ತರ ಕೇಳಿಕೊಂಡೇ ಹೊರಡಿ. ಇಹ್ರಾಮ್‌ನಲ್ಲಿ ಸ್ತ್ರೀಯರಿಗೆ ನಿಕಾಬ್ ಮತ್ತು ಕೈಗವಸು ಇಲ್ಲ, ಸಾಧಾರಣ ಉಡುಪು ಸಾಕು, ಕಾಲುಚೀಲ ಹಾಕಬಹುದು.

ನರ್ಸ್ ಆಗಿರುವ ಸಹೋದರಿಯ ಉತ್ತರ

ನಿಮ್ಮ ತಾಯಿಯವರ ಬಗ್ಗೆ ಬರೆಯುತ್ತೇನೆ. 2024ರ ಹಜ್ಜ್‌ನಲ್ಲಿ ಮಕ್ಕಾದ ಉಷ್ಣತೆ 50 ಡಿಗ್ರಿ ದಾಟಿತ್ತು. 1,301 ಮಂದಿ ಮೃತಪಟ್ಟರೆಂದು ಸೌದಿ ಸರ್ಕಾರವೇ ತಿಳಿಸಿತು, ಅವರಲ್ಲಿ 83 ಪ್ರತಿಶತ ಜನ ಪರವಾನಗಿಯಿಲ್ಲದೆ, ನೆರಳಾಗಲಿ ಡೇರೆಯಾಗಲಿ ಇಲ್ಲದೆ ಬಿಸಿಲಿನಲ್ಲಿ ಬಹಳ ದೂರ ನಡೆದವರು. ಆದ್ದರಿಂದ ಸಂದರ್ಶಕ ವೀಸಾದಲ್ಲಿ ಹಜ್ಜ್ ಮಾಡಿಸುತ್ತೇವೆ ಎನ್ನುವವರ ಮಾತಿಗೆ ಯಾರೂ ಕಿವಿಗೊಡಬೇಡಿ.

ನಡಿಗೆಯ ಅಭ್ಯಾಸವನ್ನು ಇಂದೇ ಆರಂಭಿಸಿ. ಸಈ ಒಂದೇ ಸುಮಾರು ಮೂರು ಕಿಲೋಮೀಟರ್ ಆಗುತ್ತದೆ. ತವಾಫ್ ಮೇಲಿನ ಅಂತಸ್ತಿನಲ್ಲಾದರೆ ಅದಕ್ಕಿಂತ ಹೆಚ್ಚೂ ಆಗಬಹುದು. ತಾಯಿಯವರಿಗೆ ಗಾಲಿಕುರ್ಚಿ ಬಳಸಲು ಹಿಂಜರಿಯಬೇಡಿ. ಸಈಯ ದಾರಿಯ ನಡುವೆ ಅದಕ್ಕೆಂದೇ ಪ್ರತ್ಯೇಕ ಪಥವಿದೆ. ಸಕ್ಕರೆ ಕಾಯಿಲೆಯವರಿಗೆ ಪಾದವೇ ದೊಡ್ಡ ಅಪಾಯ. ಮತಾಫ್‌ನ (ಕಾಬಾದ ಸುತ್ತಲಿನ ಅಂಗಳದ) ಅಮೃತಶಿಲೆ ತಂಪಾಗಿರುತ್ತದೆ, ಆದರೆ ಮಸೀದಿಯ ಹೊರಗೆ ಬಿಸಿಲಿಗೆ ಕಾದ ನೆಲದಲ್ಲಿ ಚಪ್ಪಲಿ ಕಳೆದುಕೊಂಡು ನಡೆದ ವೃದ್ಧರೊಬ್ಬರ ಅಂಗಾಲಿನಲ್ಲಿ ಬೊಬ್ಬೆ ಎದ್ದದ್ದು ಅವರಿಗೆ ಸಂಜೆಯವರೆಗೂ ತಿಳಿದಿರಲಿಲ್ಲ. ಚಪ್ಪಲಿಯನ್ನು ಬಾಗಿಲಲ್ಲಿ ಬಿಡದೆ ಚೀಲದಲ್ಲಿಟ್ಟು ಜೊತೆಗೇ ಒಯ್ಯಿರಿ, ಪ್ರತಿ ರಾತ್ರಿ ಅವರ ಪಾದಗಳನ್ನು ನೀವೇ ನೋಡಿರಿ. ಇನ್ಸುಲಿನ್ ಇದ್ದರೆ ತಂಪು ಚೀಲದಲ್ಲಿ, ವೈದ್ಯರ ಚೀಟಿಯೊಂದಿಗೆ ಕೈಯಲ್ಲೇ ಇರಲಿ. ಕಡ್ಡಾಯವಾದ ಮೆನಿಂಜೈಟಿಸ್ ಲಸಿಕೆಯನ್ನು ಕನಿಷ್ಠ ಹತ್ತು ದಿನ ಮೊದಲು ಹಾಕಿಸಿಕೊಳ್ಳಬೇಕು. ಮಿನಾದಲ್ಲಿ ಡೇರೆಗಳೆಲ್ಲ ಒಂದೇ ರೀತಿ ಕಾಣುವುದರಿಂದ ಡೇರೆಯ ಸಂಖ್ಯೆಯನ್ನು ಬರೆದು ತಾಯಿಯವರ ಕೊರಳಿಗೇ ಹಾಕಿಬಿಡಿ.

ಪ್ರಶ್ನೆ ಕೇಳಿದ ಸಹೋದರಿ

ಎಲ್ಲರಿಗೂ ಜಝಾಕುಮುಲ್ಲಾಹು ಖೈರನ್. ತಾಯಿಯವರಿಗೆ ಕಲ್ಲೆಸೆಯುವ ಸ್ಥಳವಾದ ಜಮ್ರಾತ್‌ನವರೆಗೆ ನಡೆಯಲಾಗದಿದ್ದರೆ ಅವರ ಕಲ್ಲುಗಳನ್ನು ನಾನು ಎಸೆಯಬಹುದೇ? ಮುಝ್ದಲಿಫಾದಲ್ಲಿ ರಾತ್ರಿಯಿಡೀ ನೆಲದ ಮೇಲೆ ಕಳೆಯುವುದೂ ಅವರಿಗೆ ಕಷ್ಟವಾದೀತು.

ಶಿಕ್ಷಕರ ಮರು ಉತ್ತರ

ಎಸೆಯಬಹುದು. ನೀವು ಅದೇ ವರ್ಷ ಹಜ್ಜ್ ಮಾಡುತ್ತಿರುವವರಾಗಿರಬೇಕು, ಮೊದಲು ನಿಮ್ಮವನ್ನು ಎಸೆದು ನಂತರ ಅವರವನ್ನು ಎಸೆಯಬೇಕು. ಆದರೆ ಅವರಿಗೆ ನಿಜವಾಗಿ ಅಶಕ್ತಿ ಇರಬೇಕು, ಗುಂಪಿನ ಹೆದರಿಕೆ ಮಾತ್ರವಾದರೆ ರಾತ್ರಿ ಜನ ಕಡಿಮೆಯಾದ ಮೇಲೆ ಗಾಲಿಕುರ್ಚಿಯಲ್ಲಿ ಕರೆದೊಯ್ಯಿರಿ. 10ರಂದು ದೊಡ್ಡ ಜಮ್ರಾಕ್ಕೆ ಮಾತ್ರ ಏಳು, ನಂತರದ ದಿನಗಳಲ್ಲಿ ಮೂರಕ್ಕೂ ಏಳೇಳು. 12ರಂದು ಹೊರಡುವುದಾದರೆ ಒಬ್ಬರಿಗೆ 49 ಕಲ್ಲು, 13ರವರೆಗೆ ನಿಂತರೆ 70. ಕಡಲೆಕಾಳಿನ ಗಾತ್ರ ಸಾಕು. ಮುಝ್ದಲಿಫಾದಿಂದ ಅಶಕ್ತರು ರಾತ್ರಿಯಲ್ಲೇ ಹೊರಡಬಹುದು, ಸ್ಥೂಲಕಾಯದವರಾಗಿದ್ದ ತಮ್ಮ ಪತ್ನಿ ಸೌದಾ(ರ) ಅವರಿಗೆ ಪ್ರವಾದಿಯವರು(ಸ) ಆ ಅನುಮತಿ ನೀಡಿದ್ದರು.

ಮೊದಲ ಉತ್ತರದಲ್ಲಿ ಒಂದು ವಿಷಯ ಬಿಟ್ಟುಹೋಗಿತ್ತು. ಹೊರಡುವ ಮೊದಲು ಸಾಲಗಳನ್ನು ತೀರಿಸಿ, ಉಳಿದದ್ದಕ್ಕೆ ವಸಿಯ್ಯತ್ (ಉಯಿಲು) ಬರೆದಿಡಿ, ಮನಸ್ಸು ನೋಯಿಸಿದವರಲ್ಲಿ ಕ್ಷಮೆ ಕೇಳಿ. ನನಗೆ ಎಲ್ಲಕ್ಕಿಂತ ಕಠಿಣವಾದದ್ದು ಇದೇ. ಜಮೀನಿನ ವಿಷಯದಲ್ಲಿ ತಮ್ಮನೊಂದಿಗೆ ಒಂಬತ್ತು ವರ್ಷ ಮಾತು ಬಿಟ್ಟಿದ್ದೆ. ಅವನ ಮನೆಗೆ ಹೋಗಿ ಕ್ಷಮೆ ಕೇಳಿದಾಗ ಅವನು ಏನೂ ಹೇಳಲಿಲ್ಲ. ನಾವು ಹೊರಡುವ ದಿನ ಬಂದು, ಕಾಯಿಲೆಯಲ್ಲಿದ್ದ ತನ್ನ ಮಗಳ ಹೆಸರು ಬರೆದ ಚೀಟಿಯೊಂದನ್ನು ನನ್ನ ಕೈಯಲ್ಲಿಟ್ಟು, "ಅಣ್ಣಾ, ಅರಫಾದಲ್ಲಿ ಇವಳಿಗೆ ದುಆ ಮಾಡು" ಎಂದ. ನನ್ನ ಪಟ್ಟಿಯಲ್ಲಿ ಆ ಹೆಸರನ್ನೇ ಮೊದಲು ಓದಿದೆ.