ಸಹಾಯ ಬೇಕು: ನವಲಗುಂದದ ಜಮಖಾನದ ಮೇಲೆ ನೀಲಿ ಶಾಯಿ ಚೆಲ್ಲಿದೆ

ನಮಸ್ಕಾರ. ನಮ್ಮ ಅತ್ತೆಯವರು ತವರಿನಿಂದ ತಂದಿದ್ದ ನವಲಗುಂದದ ಜಮಖಾನವೊಂದು ಮನೆಯಲ್ಲಿದೆ. ಪೂರ್ತಿ ಹತ್ತಿ ನೂಲು, ಅಲ್ಲಿನ ಹೆಣ್ಣುಮಕ್ಕಳು ಕೈಮಗ್ಗದಲ್ಲಿ ನೇಯ್ದದ್ದು. ಬಿಳಿ ನೆಲದ ಮೇಲೆ ಹಳದಿ ನವಿಲು, ಸುತ್ತ ಕೆಂಪು ಅಂಚು. ಕಳೆದ ಭಾನುವಾರ ಮಗ ಅದರ ಮೇಲೆಯೇ ಕುಳಿತು ಪೆನ್ನಿಗೆ ಶಾಯಿ ತುಂಬಲು ಹೋಗಿ ಬಾಟಲಿಯನ್ನು ಉರುಳಿಸಿದ. ಅಂಗೈಯಗಲದ ಕಲೆ, ಅಂಚಿನಿಂದ ಎರಡೇ ಬೆರಳು ದೂರ. (ಹಳದಿ ನವಿಲಿನ ಮೇಲೇ ಬಿದ್ದಿದ್ದರೆ ಅದಕ್ಕೆ ನಿಜವಾದ ನವಿಲಿನ ನೀಲಿಯಾದರೂ ಬರುತ್ತಿತ್ತೇನೋ!)

ಗಾಬರಿಯಲ್ಲಿ ಒದ್ದೆ ಬಟ್ಟೆಯಿಂದ ತಿಕ್ಕಿಬಿಟ್ಟೆ. ಅದೇ ತಪ್ಪಾಯಿತು, ಕಲೆ ಇನ್ನಷ್ಟು ಹರಡಿತು. ಆಮೇಲೆ ಉಪ್ಪು, ನಿಂಬೆರಸ, ಪಕ್ಕದ ಮನೆಯವರು ಹೇಳಿದರೆಂದು ಹಾಲು. ಹಾಲಿನ ವಾಸನೆ ಹೋಗಲು ಎರಡು ದಿನ ಬೇಕಾಯಿತು, ಕಲೆ ಮಾತ್ರ ಹಾಗೆಯೇ ಇತ್ತು. ಬಾಲ್‌ಪೆನ್ನಿನ ಕಲೆಗೆ ಒದಗುವ ಸ್ಪಿರಿಟ್ ಈ ನೀರಿನಂಥ ಶಾಯಿಗೆ ಅಷ್ಟಾಗಿ ಒದಗಲಿಲ್ಲ. ತಣ್ಣೀರಿಗೆ ಪಾತ್ರೆ ತೊಳೆಯುವ ದ್ರವದ ಎರಡು ಹನಿ ಬೆರೆಸಿ, ಬಿಳಿ ಬಟ್ಟೆಯಿಂದ ಒತ್ತಿ ಒತ್ತಿ ತೆಗೆದಾಗ ಅರ್ಧದಷ್ಟು ಬಿಟ್ಟಿತು. ಈಗ ತಿಳಿನೀಲಿ ನೆರಳು ಉಳಿದಿದೆ, ಅದು ಜಪ್ಪಯ್ಯ ಎಂದರೂ ಅಲುಗಾಡುತ್ತಿಲ್ಲ.

ತೊಡಕು ಇರುವುದು ಕೆಂಪು ಅಂಚಿನಲ್ಲಿ. ಒದ್ದೆ ಹತ್ತಿಯನ್ನು ಒತ್ತಿ ನೋಡಿದರೆ ಅದರ ಬಣ್ಣ ಬಿಡುತ್ತದೆ. ಹಾಗಾಗಿ ನೆನೆಹಾಕುವಂತಿಲ್ಲ; ಕ್ಲೋರಿನ್ ಬ್ಲೀಚ್ ಅಂತೂ ನೂಲಿನ ಬಣ್ಣವನ್ನೇ ತಿನ್ನುತ್ತದೆ.

ಔಷಧಿ ಅಂಗಡಿಯಲ್ಲಿ ಸಿಗುವ ಹೈಡ್ರೋಜನ್ ಪೆರಾಕ್ಸೈಡನ್ನು ಶೇ. 3ಕ್ಕೆ ತೆಳುಮಾಡಿ, ಬಿಳಿ ನೂಲಿಗೆ ಮಾತ್ರ ಹತ್ತಿಕಡ್ಡಿಯಿಂದ ಹಚ್ಚಬಹುದೇ? ಹತ್ತಿಯ ಜಮಖಾನಕ್ಕೆ ಹೀಗೆ ಮಾಡಿ ನೋಡಿದವರು ಯಾರಾದರೂ ಇದ್ದೀರಾ? ಎಷ್ಟು ನಿಮಿಷ ಬಿಟ್ಟಿರಿ, ಪಕ್ಕದ ಬಣ್ಣ ಹರಿಯದಂತೆ ಏನು ಮಾಡಿದಿರಿ?