ಹಳೇ ಫರ್ಗುಸನ್ ಟ್ರ್ಯಾಕ್ಟರ್: ಹೊಸ ಪಾಯಿಂಟ್ ಹಾಕಿದ ಮೇಲೆ ಟೈಮಿಂಗ್ ಕೂರ್ತಾನೇ ಇಲ್ಲ

ಗಂಗಾವತಿ_ಗದ್ದೆ:
ತಲೆ ಕೆಟ್ಟು ಕೂತಿದ್ದೀನಿ. ತಾತನ ಕಾಲದ ಟಿಇ-20, ಪೆಟ್ರೋಲ್ ಗಾಡಿ. ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟ್ (ತೆರೆದು ಮುಚ್ಚಿ ಪ್ಲಗ್‌ಗೆ ಕಿಡಿ ಕೊಡಿಸೋ ಸ್ವಿಚ್) ಹೊಸದು ಹಾಕಿದೆ, ಗ್ಯಾಪ್ ಇಟ್ಟೆ. ಸ್ಟಾರ್ಟ್ ಆಗುತ್ತೆ, ಆದ್ರೆ ಸೈಲೆನ್ಸರ್‌ನಲ್ಲಿ ಪಟಾಕಿ. ಬಿಸಿಯಾದ್ರೆ ನಿಂತುಬಿಡುತ್ತೆ, ತಣ್ಣಗಾಗೋ ತನಕ ಏಳಲ್ಲ. ಡಿಸ್ಟ್ರಿಬ್ಯೂಟರ್ ಆ ಕಡೆ ಈ ಕಡೆ ತಿರುಗಿಸಿ ಸಾಕಾಯ್ತು. ಇಲ್ಲಿ ಮೆಕ್ಯಾನಿಕ್‌ಗಳೆಲ್ಲ ಡೀಸೆಲ್‌ನವರು, ಪಾಯಿಂಟ್ ಅಂದ್ರೆ ನಗ್ತಾರೆ. ಕಾರ ಹುಣ್ಣಿಮೆಗೆ ಎತ್ತಿನ ಜೊತೆ ಇದನ್ನೂ ಮೆರೆಸಬೇಕು ಅಂತ ಅಪ್ಪನ ಹಠ. ಯಾರಾದ್ರೂ ಹೇಳ್ರಪ್ಪ.

ಸಿಂಧನೂರು_ಸ್ಪ್ಯಾನರ್:
ಗ್ಯಾಪ್ ಇಟ್ಟೆ ಅಂದ್ರೆ ಎಷ್ಟು ಇಟ್ರಿ? 6 ವೋಲ್ಟಾ, 12 ವೋಲ್ಟಾ? ಇದನ್ನು ಹೇಳದೆ ನಾವು ಏನು ಹೇಳೋದು.
ಮೊದಲು ಗ್ಯಾಪ್, ಆಮೇಲೆ ಟೈಮಿಂಗ್, ಅಂದ್ರೆ ಕಿಡಿ ಹಾರೋ ಗಳಿಗೆ. ಗ್ಯಾಪ್ ಜಾಸ್ತಿ ಮಾಡಿದ್ರೆ ಪಾಯಿಂಟ್ ಬೇಗ ತೆರೆಯುತ್ತೆ, ಟೈಮಿಂಗ್ ಅಡ್ವಾನ್ಸ್ ಆಗುತ್ತೆ, ಕಿಡಿ ಬೇಗ ಹಾರುತ್ತೆ. ಕಡಿಮೆ ಮಾಡಿದ್ರೆ ಹಿಂದೆ ಬೀಳುತ್ತೆ. ಟೈಮಿಂಗ್ ಮಾಡಿ ಆಮೇಲೆ ಗ್ಯಾಪ್ ಮುಟ್ಟಿದ್ರೆ ಮಾಡಿದ ಕೆಲಸ ನೀರಲ್ಲಿ ಹೋಯ್ತು. ಫಿಲ್ಲರ್ (ಗ್ಯಾಪ್ ಅಳೆಯೋ ತೆಳು ಪಟ್ಟಿ) ಹಾಕುವಾಗ ಕ್ಯಾಮಿನ ಎತ್ತರದ ತುದಿ ಪಾಯಿಂಟಿನ ಹಿಮ್ಮಡಿಗೆ ಸರಿಯಾಗಿ ಬಂದಿರಬೇಕು.

ರಾಯಚೂರು_ಬಿಸಿಲು:
ಇದು ಪಾಯಿಂಟೇ ಅಲ್ಲ. ವೇಪರ್ ಲಾಕ್. ನಮ್ಮಲ್ಲಿ ಬೇಸಿಗೆಯಲ್ಲಿ 42 ಡಿಗ್ರಿ, ಪೈಪಲ್ಲೇ ಪೆಟ್ರೋಲ್ ಕುದಿಯುತ್ತೆ. ಪೈಪಿಗೆ ಒದ್ದೆ ಬಟ್ಟೆ ಸುತ್ತಿ.

ಸಿಂಧನೂರು_ಸ್ಪ್ಯಾನರ್:
ಅಣ್ಣಾ, ಈ ಗಾಡಿಗೆ ಫ್ಯೂಯೆಲ್ ಪಂಪೇ ಇಲ್ಲ. ಟ್ಯಾಂಕ್ ಎಂಜಿನ್ ಮೇಲೆ ಇದೆ, ಪೆಟ್ರೋಲ್ ತಾನಾಗೇ ಇಳಿಯುತ್ತೆ.

ರಾಯಚೂರು_ಬಿಸಿಲು:
ಹಾಗಿದ್ರೆ ಟ್ಯಾಂಕ್ ಮುಚ್ಚಳದ ತೂತು ಕಟ್ಟಿದೆ. ಗಾಳಿ ಒಳಗೆ ಹೋಗದಿದ್ರೆ ಪೆಟ್ರೋಲ್ ಇಳಿಯಲ್ಲ, ಅಲ್ವಾ? ನಿಂತಾಗ ಮುಚ್ಚಳ ಸಡಿಲ ಮಾಡಿ ನೋಡಲಿ.

ಗಂಗಾವತಿ_ಗದ್ದೆ:
ಬಟ್ಟೆ ಸುತ್ತಿದೆ, ಮುಚ್ಚಳ ತೆಗೆದೇ ಓಡಿಸಿದೆ. ಅದೇ ರಗಳೆ. 12 ವೋಲ್ಟ್. ಗ್ಯಾಪ್ 12 ಥೌ (ಇಂಚಿನ ಸಾವಿರದ 12 ಭಾಗ). ನಿಂತಾಗ ಡಿಸ್ಟ್ರಿಬ್ಯೂಟರ್ ಮುಚ್ಚಳ ಬಿಚ್ಚಿ ನೋಡಿದ್ರೆ ಪಾಯಿಂಟ್ ಮೇಲೆ ನೀಲಿ ಕಿಡಿ ದಪ್ಪಗೆ ಹಾರುತ್ತೆ, ಪ್ಲಗ್‌ನಲ್ಲಿ ಮಾತ್ರ ಬಡಕಲು ಹಳದಿ ಕಿಡಿ.

ಬಳ್ಳಾರಿ_ಬಾನೆಟ್:
12 ಥೌ ಸಾಲಲ್ಲ, 15 ಇಡಿ. ಇಲ್ಲಾಂದ್ರೆ ನನ್ನ ಥರ ಪಾಯಿಂಟ್ ಬದಲು ಎಲೆಕ್ಟ್ರಾನಿಕ್ ಕಿಟ್ ಹಾಕಿ ಆರಾಮಾಗಿರಿ. ನನ್ನದು 1952ರದ್ದು, ಮೂಲ ಬೂದು ಬಣ್ಣ, ಟೈರ್ ನಾಲ್ಕೂ ಹೊಸದು, ಗೇರ್ ಲಿವರ್ ಸ್ಟಾರ್ಟ್‌ಗೆ ತಳ್ಳಿದ್ರೆ ಅರ್ಧ ಸುತ್ತಲ್ಲೇ ಎಂಜಿನ್ ಹಿಡ್ಕೊಳ್ಳುತ್ತೆ. ಫೋಟೋ ಬೇಕಾ?

ಸಿಂಧನೂರು_ಸ್ಪ್ಯಾನರ್:
ಫೋಟೋ ಬೇಡ. ಗದ್ದೆಯವರೇ, ಕಂಡೆನ್ಸರ್ (ಪಾಯಿಂಟಲ್ಲಿ ಕಿಡಿ ಹಾರದಂತೆ ತಡೆಯೋ ಸಣ್ಣ ಡಬ್ಬಿ) ಹೊಸದಾ, ಹಳೇದಾ? ಪಾಯಿಂಟಲ್ಲಿ ದಪ್ಪ ಕಿಡಿ, ಪ್ಲಗ್‌ನಲ್ಲಿ ಬಡಕಲು ಕಿಡಿ ಅಂದ್ರೆ ನೇರ ಕಂಡೆನ್ಸರ್ ಲಕ್ಷಣ. ಬಿಸಿಗೆ ಕೆಟ್ಟು ತಣ್ಣಗಾದ್ರೆ ಸರಿಹೋಗೋದೂ ಅದಕ್ಕೇ.

ಗಂಗಾವತಿ_ಗದ್ದೆ:
ಹಳೇದೇ. ಪಾಯಿಂಟ್ ಮಾತ್ರ ಅಂಬಾಸಿಡರ್ ಕಾರಿನದು ಕೂರುತ್ತೆ ಅಂತ ಅಂಗಡಿಯವನು ಕೊಟ್ಟ, ಅದನ್ನು ಹಾಕಿದ್ದೀನಿ. ಕಂಡೆನ್ಸರ್ ಬದಲಾಯಿಸಬೇಕಾ?

ಸಿಂಧನೂರು_ಸ್ಪ್ಯಾನರ್:
ಅಯ್ಯೋ, ಇದನ್ನು ಮೊದಲೇ ಹೇಳಬಾರದಾ! ಬೇರೆ ಗಾಡಿಯ ಪಾಯಿಂಟ್ ಅಂದ್ರೆ ಮೊದಲು ಕೆಳಗಿನ ಸಣ್ಣ ಫೈಬರ್ ವಾಷರ್ ನೋಡಿ. ಸ್ಪ್ರಿಂಗ್ ಬಾಡಿಗೆ ತಾಗಿದ್ರೆ ಅರ್ಥ್ ಆಗುತ್ತೆ. ಕಂಡೆನ್ಸರ್ ಬದಲಾಯಿಸಿ. ಆಮೇಲೆ ಒಂದನೇ ಸಿಲಿಂಡರ್ ಪ್ಲಗ್ ತೆಗೆದು ಹೆಬ್ಬೆರಳಿಟ್ಟು ಕಂಪ್ರೆಶನ್ ಬರೋ ತನಕ ಹ್ಯಾಂಡಲ್ ತಿರುಗಿಸಿ, ಟೈಮಿಂಗ್ ಗುರುತಿಗೆ ನಿಲ್ಲಿಸಿ. ಒಂದು 12 ವೋಲ್ಟ್ ಬಲ್ಬಿನ ಒಂದು ವೈರ್ ಡಿಸ್ಟ್ರಿಬ್ಯೂಟರ್ ಪಕ್ಕದ ಟರ್ಮಿನಲ್‌ಗೆ, ಇನ್ನೊಂದು ಎಂಜಿನ್ ಬಾಡಿಗೆ. ಕೀ ಆನ್ ಮಾಡಿ. ಕ್ಲಾಂಪ್ ಸಡಿಲಿಸಿ ಡಿಸ್ಟ್ರಿಬ್ಯೂಟರನ್ನು ಅದರೊಳಗಿನ ರೋಟರ್ ಸುತ್ತೋ ದಿಕ್ಕಿಗೆ ವಿರುದ್ಧವಾಗಿ ಮೆಲ್ಲಗೆ ತಿರುಗಿಸಿ. ಬಲ್ಬ್ ಹತ್ತಿದ ಗಳಿಗೆಯೇ ಪಾಯಿಂಟ್ ತೆರೆದದ್ದು. ಅಲ್ಲೇ ಬಿಗಿ ಮಾಡಿ. ಪ್ಲಗ್ ವೈರ್‌ಗಳು ಸಿಲಿಂಡರ್ ಉರಿಯೋ ಕ್ರಮದಲ್ಲಿ, 1-3-4-2.
ಸ್ಟಾರ್ಟ್ ಮಾಡುವಾಗ ಹ್ಯಾಂಡಲ್ ಮೇಲೆ ಹೆಬ್ಬೆರಳು ಸುತ್ತಬೇಡಿ, ಬೆರಳುಗಳ ಪಕ್ಕದಲ್ಲೇ ಇರಲಿ. ಅಡ್ವಾನ್ಸ್ ಜಾಸ್ತಿ ಇದ್ರೆ ವಾಪಸ್ ಒದೆಯುತ್ತೆ.

ಬಳ್ಳಾರಿ_ಬಾನೆಟ್:
ಬ್ಯಾಟರಿ ಪಾಸಿಟಿವ್ ಅರ್ಥ್ ಇದೆಯಾ, ಅಂದ್ರೆ ಪ್ಲಸ್ ತುದಿ ಬಾಡಿಗೆ ಕೊಟ್ಟಿದೆಯಾ? ಮೂಲದಲ್ಲಿ ಹಾಗೇ ಬರ್ತಿತ್ತು.

ಸಿಂಧನೂರು_ಸ್ಪ್ಯಾನರ್:
ಅದು ಪಾಯಿಂಟಿಗೆ ಸಂಬಂಧವೇ ಇಲ್ಲ.

ಬಳ್ಳಾರಿ_ಬಾನೆಟ್:
ಪ್ಲಗ್‌ಗೆ ಕಿಡಿ ಕಳಿಸೋ ಕಾಯಿಲ್‌ಗೆ ಇದೆ. ಉಲ್ಟಾ ಕೊಟ್ರೆ ಕಿಡಿ ಸೊರಗುತ್ತೆ. ಸುಮ್ನೆ ಹೇಳಿದ್ದಲ್ಲ.

ಗಂಗಾವತಿ_ಗದ್ದೆ:
ವಾಷರ್ ಸರಿ ಇದೆ, ಅರ್ಥ್ ಪಾಸಿಟಿವ್ವೇ. ಕಂಡೆನ್ಸರ್ ಹಾಕಿ ಬಲ್ಬಲ್ಲಿ ಸೆಟ್ ಮಾಡಿದೆ. ಮಧ್ಯಾಹ್ನ ಬಿಸಿಲಲ್ಲೇ ಓಡಿಸಿದೆ, ನಿಲ್ಲಲಿಲ್ಲ. ಆದ್ರೆ ಸ್ಪೀಡ್ ಏರಿಸಿದ್ರೆ ಈಗಲೂ ಪಟಾಕಿ, ಸ್ವಲ್ಪ ಕಡಿಮೆ.

ಸಿಂಧನೂರು_ಸ್ಪ್ಯಾನರ್:
ಅಲ್ಲಿಗೆ ಅರ್ಧ ಕೆಲಸ ಆಯ್ತು. ರೋಟರ್ ಹಿಡಿದು ಅಡ್ಡಡ್ಡ ಅಲ್ಲಾಡಿಸಿ. ಆಟ ಇದ್ದು ಗ್ಯಾಪ್ ಬದಲಾಗುತ್ತಾ? ಬದಲಾದ್ರೆ ಡಿಸ್ಟ್ರಿಬ್ಯೂಟರ್ ಶಾಫ್ಟ್ ಹಿಡಿಯೋ ಬುಶ್ ಸವೆದಿದೆ, ಪ್ರತಿ ಸುತ್ತಲ್ಲೂ ಟೈಮಿಂಗ್ ಬೇರೆ. ಆಮೇಲೆ ಪ್ಲೇಟ್ ಕೆಳಗಿನ ಅಡ್ವಾನ್ಸ್ ತೂಕಗಳು (ಸ್ಪೀಡ್ ಏರಿದಂತೆ ಟೈಮಿಂಗ್ ಮುಂದೆ ತರೋವು) ತುಕ್ಕಿಗೆ ಅಂಟಿವೆಯಾ ನೋಡಿ.

ಬಳ್ಳಾರಿ_ಬಾನೆಟ್:
ಬಾನೆಟ್ ತಗಡು ಚೆನ್ನಾಗಿದ್ರೆ ಕೊಡ್ತೀರಾ? ನನ್ನದು ಬಡಿದು ನೇರ ಮಾಡಿದ್ದು.

ಗಂಗಾವತಿ_ಗದ್ದೆ:
ಕೊಡಲ್ಲ ಸರ್. ಬುಶ್ ನೋಡಿ ಹೇಳ್ತೀನಿ.